ಸ್ನಾನ ಆದ ಮೇಲೆ ಮೈ ತುರಿಸುತ್ತಾ? ಮೊದಲು ನೀರಿನ ಬಿಸಿ ಕಡಿಮೆ ಮಾಡಿ

ಮೈ ಒಣಗಿ ಬಿಳಿ ಬಿಳಿ ಆಗುತ್ತೆ, ಯಾವ ಕ್ರೀಮ್ ಹಚ್ಚಲಿ ಅಂತ ಇಲ್ಲಿ ತುಂಬಾ ಜನ ಕೇಳ್ತಾರೆ. ಕ್ರೀಮ್ ಆಮೇಲೆ ನೋಡೋಣ, ಮೊದಲು ಸ್ನಾನ ಹೇಗೆ ಮಾಡ್ತೀರಿ ಹೇಳಿ.

ಚರ್ಮದ ಮೇಲ್ಪದರದಲ್ಲಿ ತೆಳುವಾದ ಜಿಡ್ಡಿನ ಅಂಶ ಇರುತ್ತೆ, ಒಳಗಿನ ತೇವ ಆರಿಹೋಗದಂತೆ ತಡೆಯೋದು ಅದೇ. ಸುಡುಸುಡು ನೀರಲ್ಲಿ ಅರ್ಧ ಗಂಟೆ ನಿಂತು, ಮೈಯೆಲ್ಲಾ ಸೋಪು ಹಚ್ಚಿ ಗಸಗಸ ಉಜ್ಜಿದರೆ ಆ ಜಿಡ್ಡೂ ಕೊಳೆಯ ಜೊತೆಗೇ ಹೊರಟುಹೋಗುತ್ತೆ. ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ, ಸಾಕು.

ಇನ್ನು ಸೋಪು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ) ಸುಮಾರು 5. ಮಾಮೂಲಿ ಸೋಪಿನದು 9-10ರ ಹತ್ತಿರ, ಅಂದರೆ ಕ್ಷಾರೀಯ, ಅದು ಚರ್ಮವನ್ನು ಇನ್ನಷ್ಟು ಒಣಗಿಸುತ್ತೆ. ಹಾಗಾಗಿ ದಿನಾ ತಲೆಯಿಂದ ಕಾಲಿನವರೆಗೆ ಸೋಪು ಬೇಕಿಲ್ಲ, ಕಂಕುಳು, ತೊಡೆಸಂದು, ಪಾದಕ್ಕೆ ಹಚ್ಚಿ, ಕೈಕಾಲಿಗೆ ಬರೀ ನೀರು ಸಾಕು (ಮಣ್ಣು, ಎಣ್ಣೆ ಮೆತ್ತಿಕೊಂಡಿದ್ದರೆ ಬೇರೆ ಮಾತು). ನೊರೆ ಜಾಸ್ತಿ ಬಂದರೆ ಜಾಸ್ತಿ ಶುದ್ಧ ಅನ್ನೋದು ಸುಮ್ನೆ ಭ್ರಮೆ.

ಮೈ ಒರೆಸುವಾಗ ಟವಲ್ ಒತ್ತಿ ಒರೆಸಿ, ತಿಕ್ಕಬೇಡಿ. ಕಾಲ್ಬೆರಳ ಸಂದು ಮಾತ್ರ ಪೂರ್ತಿ ಒಣಗಲಿ, ಫಂಗಸ್ ಶುರುವಾಗೋದು ಅಲ್ಲೇ. ಉಳಿದ ಮೈ ಸ್ವಲ್ಪ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗ ಇಲ್ಲ. ಬಾತ್‌ರೂಮಲ್ಲೇ ಒದ್ದೆಯಾಗಿ ನೇತಾಡುವ ಉಜ್ಜುವ ಸ್ಪಂಜು ಇದೆಯಲ್ವಾ, ಅದರಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ, ಒಣಗಿಸಿಡಿ, ಆಗಾಗ ಬದಲಿಸಿ.

ಇಷ್ಟು ಮಾಡಿಯೂ ತುರಿಕೆ ಹೋಗದಿದ್ದರೆ, ಚರ್ಮ ಬಿರಿದು ರಕ್ತ ಬರ್ತಿದ್ದರೆ ಚರ್ಮದ ಡಾಕ್ಟರ್‌ಗೆ ತೋರಿಸಿ.