ಕೊಟ್ಟಿಗೆಯ ಹಳೆ ಪಾನಾ ಗುಜರಿಗೆ ಹಾಕುವ ಮುಂಚೆ

ಸೌದೆ ಕೊಟ್ಟಿಗೆ ಖಾಲಿ ಮಾಡುವಾಗ ತುಕ್ಕು ಹಿಡಿದ ಪಾನಾ (ಸ್ಪ್ಯಾನರ್) ಸಿಕ್ಕರೆ ಈಗಿನವರಿಗೆ ಎರಡೇ ದಾರಿ ಗೊತ್ತು. ಒಂದೋ ಗುಜರಿಯವನಿಗೆ ತೂಕಕ್ಕೆ ಹಾಕುವುದು, ಇಲ್ಲಾ ಗ್ರೈಂಡಿಂಗ್ ಮೆಷಿನ್ ಹಿಡಿದು ಫಳಫಳ ಮಾಡುವುದು. ತೀರ್ಥಹಳ್ಳಿ ಕಡೆ ನೆಂಟರ ಮನೆಯಲ್ಲಿ ಹುಡುಗರು ಹೀಗೇ ಉಜ್ಜಿ ಉಜ್ಜಿ ಒಂದು ಪೆಟ್ಟಿಗೆ ಪಾನಾದ ಅಕ್ಷರವೆಲ್ಲ ಅಳಿಸಿಟ್ಟಿದ್ದರು. ಹೊಟ್ಟೆ ಉರಿಯಿತು. ಅಕ್ಷರ ಹೋದಮೇಲೆ ಯಾವ ಗಾಡಿಯದ್ದು ಅಂತ ಹೇಗೆ ತಿಳಿಯುತ್ತದೆ?

ತುಕ್ಕು ಬಿಡಲಿ ಅಂತ ಬೆಂಕಿಗೂ ಹಾಕಬೇಡಿ, ಉಕ್ಕಿನ ಗಟ್ಟಿತನ ಹೋಗುತ್ತದೆ. ಮುಳುಗುವಷ್ಟು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿ. ಉಪ್ಪುಕಾಗದದ ಸುದ್ದಿಗೆ ಹೋಗಬೇಡಿ. ಆಮೇಲೆ ಅಂಟುವಾಳದ ನೊರೆಯಲ್ಲಿ ಜಿಡ್ಡು ಪೂರ್ತಿ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಿ. ಮೆಟ್ಟುಗತ್ತಿಗೂ ಇದೇ ಮಾತು. ತೊಳೆದು ಒದ್ದೆಯಾಗಿಯೇ ಮೂಲೆಗೆ ನಿಲ್ಲಿಸುತ್ತೀರಿ, ಆಮೇಲೆ ಹರಿತವಿಲ್ಲ ಅಂತ ಗೊಣಗುತ್ತೀರಿ.

ಈಗ ಮುಖ್ಯವಾದದ್ದು. ಬಿಳಿ ಸೀಮೆಸುಣ್ಣವನ್ನು ಮಲಗಿಸಿ ಹಿಡಿದು ಪಾನಾದ ಹಿಡಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಉಜ್ಜಿ. ಪುಡಿ ಗುಂಡಿಗೆಲ್ಲ ಇಳಿಯಲಿ. ಅಂಗೈಯಿಂದ ಮೇಲಿನದ್ದನ್ನು ಮಾತ್ರ ಮೆಲ್ಲಗೆ ಒರೆಸಿ. ಊದಬೇಡಿ, ಉಗುರು ಹಾಕಬೇಡಿ. ಬಾಗಿಲ ಬಳಿ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸುತ್ತಾ ನೋಡಿ. ಕುರುಡಾಗಿದ್ದ ಕಬ್ಬಿಣದಲ್ಲಿ ಬಿಳಿ ಅಕ್ಷರ ಏಳುತ್ತವೆ. ಯಜಮಾನರ ಜೀಪಿನ ಪೆಟ್ಟಿಗೆಯನ್ನು ನಾನು ಹೀಗೇ ವಿಂಗಡಿಸಿದ್ದು. ಅವರು ಜೀಪಿನಡಿ ಮಲಗಿ ಕೈ ಚಾಚಿದರೆ ಸರಿಯಾದ ಪಾನಾವೇ ಹೋಗಬೇಕು, ಇಲ್ಲದಿದ್ದರೆ ಬೈಗುಳ.

ಓದುವಾಗ ಜಾಸ್ತಿ ಜನ ತಪ್ಪುವುದು ಇಲ್ಲೇ. 10, 12, 14, 17 ಅಂತಿದ್ದರೆ ಮಿಲಿಮೀಟರ್. 7/16, 9/16ರ ಜೊತೆ ಎ.ಎಫ್. (ಅಕ್ರಾಸ್ ಫ್ಲಾಟ್ಸ್, ಅಂದರೆ ಬೋಲ್ಟಿನ ತಲೆಯ ಎದುರುಬದುರು ಮುಖಗಳ ನಡುವಿನ ಅಳತೆ) ಅಂತಿದ್ದರೆ ಪಾನಾದ ಬಾಯಿಯ ಅಗಲವೇ ಅಷ್ಟಿಂಚು. ಹಳೆ ಜೀಪಿನವು ಇವು. ಆದರೆ 1/4 ಡಬ್ಲ್ಯೂ ಅಂತಿದ್ದು ಬಾಯಿ ಮಾತ್ರ ಅರ್ಧ ಇಂಚಿಗಿಂತ ದೊಡ್ಡದಿದ್ದರೆ, ಅದು ವಿಟ್‌ವರ್ತ್. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹೇಳಿದ ಅಳತೆಯಿಂದ ಬಂದದ್ದು. ಅಲ್ಲಿ ಅಂಕೆ ಬೋಲ್ಟಿನ ದಪ್ಪಕ್ಕೆ, ಬಾಯಿಗಲ್ಲ. ಅದೇ ಬಾಯಿಗೆ 5/16 ಬಿ.ಎಸ್. (ಬ್ರಿಟಿಷ್ ಸ್ಟ್ಯಾಂಡರ್ಡ್) ಅಂತಲೂ ಇರುತ್ತದೆ. ಹಳೆ ಇಂಗ್ಲಿಷ್ ಗಾಡಿ, ಹಳೆ ಬುಲೆಟ್ ಇಟ್ಟುಕೊಂಡವರಿಗೆ ಇದು ಬೇಕೇ ಬೇಕು. ಮಿಲಿಮೀಟರ್‌ನ 13ರ ಪಾನಾ ಆ ಬೋಲ್ಟಿಗೆ ಹಿಡಿಸುವುದಿಲ್ಲ, 14ರದ್ದು ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆ ಸವೆಯುತ್ತದೆ.

ಪೆಟ್ಟಿಗೆಯಲ್ಲಿ ಪಾನಾದ ಜೊತೆ ಸಿಗುವ, ತುದಿಯಲ್ಲಿ ರಬ್ಬರ್ ಬಟ್ಟಲಿರುವ ಕೋಲು ಆಟದ ಸಾಮಾನಲ್ಲ. ಇಂಜಿನ್ನಿನ ವಾಲ್ವಿಗೆ ಅಂಟಿಸಿ, ಉಜ್ಜುವ ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಹೊರಳಿಸಿ ವಾಲ್ವನ್ನು ಅದರ ಜಾಗಕ್ಕೆ ಸರಿಯಾಗಿ ಕೂರಿಸುವುದಕ್ಕೆ. ಚಾಕುವಿನಂತೆ ಮಡಚುವ ತೆಳು ತಗಡುಗಳು ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್. ಅದರಲ್ಲಿ ಬಣ್ಣ ಕೆರೆದವರನ್ನು ನೋಡಿದ್ದೇನೆ, ಏನು ಹೇಳಲಿ! ಎರಡು ಕಡೆ ಬಾಗಿದ ಉದ್ದ ಸರಳು ಇಂಜಿನ್ ಎಬ್ಬಿಸುವ ಹ್ಯಾಂಡಲ್. ಮಳೆಗಾಲದ ಬೆಳಿಗ್ಗೆ ನಮ್ಮ ಜೀಪು ಅದಿಲ್ಲದೆ ಏಳುತ್ತಿರಲಿಲ್ಲ. ಹಿಡಿಯುವಾಗ ಹೆಬ್ಬೆರಳೂ ಉಳಿದ ಬೆರಳಿನ ಕಡೆಗೇ ಇರಲಿ, ಇಲ್ಲದಿದ್ದರೆ ಇಂಜಿನ್ ಹಿಂದಕ್ಕೆ ಹೊಡೆದರೆ ಕೈ ಮುರಿಯುತ್ತದೆ.

ಓದಿಯಾದ ಮೇಲೆ ಸುಣ್ಣ ಒರೆಸಿ, ಯಂತ್ರದ ಎಣ್ಣೆ ತೆಳುವಾಗಿ ಸವರಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ನೆಲಕ್ಕಿಟ್ಟರೆ ನಮ್ಮ ಮಳೆಗಾಲದ ಥಂಡಿಗೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ತುಕ್ಕು.