ಚಿಕ್ಕಮ್ಮನ ಡಿಕ್ರಿ ಹುಡುಕಿದ್ದು: ನನ್ನ ಅನುಭವ

ಡೈವೋರ್ಸ್ ಆಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಅದರ ಕಾಗದ ಯಾರಿಗೆ ಬೇಕು ಅನ್ನಿಸಬಹುದು. ನಮ್ಮ ಮನೆಯಲ್ಲಿ ಬೇಕಾಯಿತು. ತಾತ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಹೋದ ಮೇಲೆ ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬರುತ್ತಿತ್ತು. ಅಜ್ಜಿಯೂ ತೀರಿಕೊಂಡ ಮೇಲೆ, ಅವರ ಜೊತೆಯಲ್ಲೇ ಇದ್ದ ಚಿಕ್ಕಮ್ಮನಿಗೆ ಆದಾಯ ಅಂತ ಏನೂ ಉಳಿಯಲಿಲ್ಲ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ತಂದೆತಾಯಿಯನ್ನೇ ನಂಬಿಕೊಂಡಿದ್ದ ವಿಚ್ಛೇದಿತ ಮಗಳಿಗೂ ಈ ಪೆನ್ಷನ್ ಸಿಗುತ್ತದೆ. ಒಂದು ಷರತ್ತಿದೆ. ತಂದೆ ಅಥವಾ ತಾಯಿ ಬದುಕಿದ್ದಾಗಲೇ ವಿಚ್ಛೇದನ ಆಗಿರಬೇಕು, ಇಲ್ಲವೇ ಕನಿಷ್ಠ ಕೇಸಾದರೂ ದಾಖಲಾಗಿರಬೇಕು. ಕೇಸು ಹಾಕಿದ್ದರೆ ಸಾಕು ಅನ್ನುವ ಸಡಿಲಿಕೆ ಬಂದದ್ದು 2017ರಲ್ಲಿ.

ಚಿಕ್ಕಮ್ಮನ ಕೇಸು ನಡೆದದ್ದು 1997ರಿಂದ 2001ರವರೆಗೆ. ಹಾಗಾಗಿ ಹಕ್ಕಿನ ಬಗ್ಗೆ ಅನುಮಾನವಿರಲಿಲ್ಲ. ತೋರಿಸಲು ಕಾಗದವಿರಲಿಲ್ಲ, ಅಷ್ಟೇ. ಪೆನ್ಷನ್ ವಿಭಾಗದವರು ಡಿಕ್ರಿಯ, ಅಂದರೆ ಕೋರ್ಟಿನ ವಿಚ್ಛೇದನ ಆದೇಶದ, ದೃಢೀಕೃತ ನಕಲು ತನ್ನಿ ಅಂದರು. ಜೆರಾಕ್ಸ್ ನಡೆಯೋದಿಲ್ಲ. ನಮ್ಮ ಹತ್ತಿರ ಜೆರಾಕ್ಸೂ ಇರಲಿಲ್ಲ ಅನ್ನೋದು ಬೇರೆ ಮಾತು.

ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಲ್ಲಿ ಒಂದು ಸಾಲು ಇದೆ. ಡೈವೋರ್ಸ್ ಡಿಕ್ರಿ ಕೊಟ್ಟ ಕೋರ್ಟು ಎರಡೂ ಕಡೆಯವರಿಗೆ ಅದರ ಒಂದೊಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಈಗ ಕೇಸು ಮುಗಿಸಿಕೊಂಡು ಹೊರಬರುತ್ತಿರುವವರು ದಯವಿಟ್ಟು ಆ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ.

ನಾನು ಮೊದಲು ಕೂತದ್ದು ಕಂಪ್ಯೂಟರ್ ಮುಂದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಆವರಣ ಆರಿಸಿ, ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಇದಕ್ಕೆ ಲಾಗಿನ್ ಬೇಡ, ದುಡ್ಡೂ ಬೇಡ. ಎರಡು ವಿಷಯ ಗಮನಿಸಬೇಕು. ಹುಡುಕಾಟ ಬಾಕಿ ಕೇಸುಗಳಲ್ಲೋ ಮುಗಿದ ಕೇಸುಗಳಲ್ಲೋ ಅಂತ ಅಲ್ಲಿ ಒಂದು ಆಯ್ಕೆ ಇರುತ್ತದೆ. ಹಳೆಯದಕ್ಕೆ ಮುಗಿದದ್ದು ಅಥವಾ ಎರಡೂ ಅಂತ ಒತ್ತಬೇಕು. ಇನ್ನೊಂದು, ಹೆಸರಿನ ಸ್ಪೆಲ್ಲಿಂಗ್. ಲಕ್ಷ್ಮಿ ಅನ್ನೋ ಹೆಸರನ್ನು ಕೆ-ಎಸ್-ಎಚ್ ಹಾಕಿ ಬರೆದವರೂ ಇದ್ದಾರೆ, ಎಕ್ಸ್ ಹಾಕಿ ಬರೆದವರೂ ಇದ್ದಾರೆ. ಇಡೀ ಹೆಸರು ಹೊಡೆಯುವ ಬದಲು ಒಂದೊಂದು ಸ್ಪೆಲ್ಲಿಂಗಿನಲ್ಲೂ ಮೊದಲ ಮೂರು ನಾಲ್ಕು ಅಕ್ಷರ ಹೊಡೆದು, ಬಂದ ಪಟ್ಟಿಯನ್ನು ಕಣ್ಣಾಡಿಸುವುದೇ ಒಳ್ಳೆಯದು. ಹೆಂಡತಿ ಹೆಸರಲ್ಲಿ ಸಿಗದಿದ್ದರೆ ಗಂಡನ ಹೆಸರಲ್ಲಿ ನೋಡಿ.

ನಮ್ಮದು ಎರಡರಲ್ಲೂ ಸಿಗಲಿಲ್ಲ. ಅಲ್ಲಿ ಸಿಗದಿದ್ದರೆ ಕೇಸೇ ಇಲ್ಲ ಅಂತ ಅರ್ಥವಲ್ಲ. ಕಂಪ್ಯೂಟರ್ ಬರುವ ಮೊದಲೇ ಮುಗಿದ ಎಷ್ಟೋ ಕೇಸುಗಳು ಇವತ್ತಿಗೂ ರಿಜಿಸ್ಟರ್ ಪುಸ್ತಕದಲ್ಲೇ ಇವೆ. ಆ ಪುಸ್ತಕ ತೆಗೆಸಬೇಕಾದರೆ ಕೈಯಲ್ಲಿ ನಂಬರ್ ಇದ್ದರೆ ಕೆಲಸ ಹಗುರ. ವರ್ಷ ಮಾತ್ರ ಗೊತ್ತಿದ್ದರೆ ಯಾರೋ ಒಬ್ಬರು ಪುಟ ಪುಟ ತಿರುವಬೇಕಾಗುತ್ತದೆ. ಅವರ ಮೇಜಿನ ಮೇಲೆ ಇವತ್ತಿನ ಕೆಲಸವೇ ರಾಶಿ ಇರುತ್ತದೆ.

ಹಾಗಾಗಿ ನಂಬರನ್ನು ಮನೆಯಲ್ಲೇ ಹುಡುಕಿದೆವು. ಚಿಕ್ಕಮ್ಮನ ವಕೀಲರು ತೀರಿಹೋಗಿದ್ದರು, ಅವರ ಆಫೀಸೂ ಮುಚ್ಚಿತ್ತು. ತಾತನ ಟ್ರಂಕಿನಲ್ಲಿ ಎಲ್‌ಐಸಿ ರಸೀದಿಗಳ ಜೊತೆ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ವಕೀಲರ ಗುಮಾಸ್ತರು ಬರೆದದ್ದು. 'ತಮ್ಮ ಮಗಳ ಕೇಸಿನ ವಾಯಿದೆ ಮುಂದಕ್ಕೆ ಹೋಗಿದೆ, ಬರುವಾಗ ಮದುವೆ ಫೋಟೋ ಮತ್ತು ಲಗ್ನಪತ್ರಿಕೆ ತರತಕ್ಕದ್ದು' ಅಂತ ನೀಲಿ ಶಾಯಿಯಲ್ಲಿ ಇತ್ತು. ಮೇಲೆ ಮೂಲೆಯಲ್ಲಿ ಸಣ್ಣಗೆ ಎಂ.ಸಿ. ನಂಬರು, ಓರೆಗೆರೆ, 97. ಎಂ.ಸಿ. ಅಂದರೆ ಮ್ಯಾಟ್ರಿಮೋನಿಯಲ್ ಕೇಸ್. ನಮಗೆ ಬೇಕಾದದ್ದು ಅಷ್ಟೇ.

ನಿಮ್ಮ ಮನೆಯಲ್ಲಿ ಪೋಸ್ಟ್‌ಕಾರ್ಡ್ ಇರಲಿಕ್ಕಿಲ್ಲ. ಸಮನ್ಸ್, ವಕೀಲರ ನೋಟಿಸ್, ಫೀಸಿನ ರಸೀದಿ, ಹಳೆಯ ಡೈರಿ, ಯಾವುದಾದರೂ ಒಂದರಲ್ಲಿ ನಂಬರ್ ಅಡಗಿರಬಹುದು. ಜೀವನಾಂಶದ ಕೇಸು ಬೇರೆಯಾಗಿ ನಡೆದಿದ್ದರೆ ಅದರ ಕಾಗದಗಳಲ್ಲಿ ಡೈವೋರ್ಸ್ ಕೇಸಿನ ನಂಬರ್ ಬರೆದಿರುವ ಸಾಧ್ಯತೆ ಜಾಸ್ತಿ. ಜೀವನಾಂಶದ ಕೇಸು ಕ್ರಿಮಿನಲ್ ಮಿಸಲೇನಿಯಸ್ ಅಂತ ಇರುತ್ತದೆ, ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುತ್ತದೆ. ಮಕ್ಕಳ ಕಸ್ಟಡಿಯದ್ದಾದರೆ ಜಿ ಆ್ಯಂಡ್ ಡಬ್ಲ್ಯುಸಿ, ಅಂದರೆ ಗಾರ್ಡಿಯನ್ ಆ್ಯಂಡ್ ವಾರ್ಡ್ಸ್ ಕೇಸ್, ಅಂತ ಇರುತ್ತದೆ.

ಕೇಸು ಯಾವ ಊರಲ್ಲಿ ನಡೆಯಿತು ಅನ್ನೋದೇ ಗೊತ್ತಿಲ್ಲದವರು ಹಿಂದೂ ವಿವಾಹ ಕಾಯ್ದೆಯ 19ನೇ ಕಲಮನ್ನು ನೋಡಬಹುದು. ಮದುವೆಯಾದ ಊರು, ಎದುರು ಪಕ್ಷದವರು ಇರುವ ಊರು, ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಇದ್ದ ಊರು. ಸಾಮಾನ್ಯವಾಗಿ ಈ ಮೂರರಲ್ಲಿ ಒಂದು. ಹೆಂಡತಿ ತಾನು ಈಗಿರುವ ಊರಲ್ಲೇ ಅರ್ಜಿ ಹಾಕಬಹುದು ಅನ್ನುವುದು ಸೇರಿದ್ದು 2003ರಲ್ಲಿ. ಅದಕ್ಕಿಂತ ಹಳೆಯ ಕೇಸಾದರೆ ಬರೀ ತವರೂರಿನ ಕೋರ್ಟಿನಲ್ಲೇ ಹುಡುಕುತ್ತಾ ಕೂರಬೇಡಿ.

ಚಿಕ್ಕಮ್ಮನ ಗಂಡನ ಊರು ಬೇರೆ ಜಿಲ್ಲೆ. ಹೆಸರು ಬೇಡ ಅಂದಿದ್ದಾರೆ, ಬಿಡೋಣ. ಅಲ್ಲಿ ಈಗ ಫ್ಯಾಮಿಲಿ ಕೋರ್ಟ್ ಇದೆ. ನಾವು ನೇರ ಅಲ್ಲಿಗೇ ಹೋದೆವು. ಯಾರಾದರೂ ಅಲ್ಲಿಗೇ ಹೋಗ್ತಾರೆ, ಅಲ್ವಾ? ಅಲ್ಲಿನ ಶಿರಸ್ತೇದಾರರು ಪೋಸ್ಟ್‌ಕಾರ್ಡ್ ನೋಡಿ, "ಅಮ್ಮಾ, ಇದು 2001ರಲ್ಲೇ ಮುಗಿದಿದೆ ಅಂತೀರಿ. ಈ ಕೋರ್ಟ್ ಆಗ ಇರಲೇ ಇಲ್ಲ. ನಮಗೆ ಬಂದದ್ದು ಬಾಕಿ ಇದ್ದ ಕೇಸುಗಳು ಮಾತ್ರ. ಮುಗಿದದ್ದು ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನ ರೆಕಾರ್ಡ್ ರೂಮಲ್ಲೇ ಇರುತ್ತೆ" ಅಂದರು.

ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ದೊಡ್ಡ ಸುಳಿವು ಇದೇ. ಫ್ಯಾಮಿಲಿ ಕೋರ್ಟ್ ಕಾಯ್ದೆ 1984ರದ್ದಾದರೂ ಕೋರ್ಟುಗಳು ಎಲ್ಲ ಊರಿಗೂ ಒಂದೇ ಸಲ ಬರಲಿಲ್ಲ. ಒಂದು ಊರಲ್ಲಿ ಹೊಸದಾಗಿ ಶುರುವಾದಾಗ, ಅಲ್ಲಿ ನಡೆಯುತ್ತಿದ್ದ ಕೇಸುಗಳು ಅದಕ್ಕೆ ವರ್ಗವಾಗುತ್ತವೆ. ಹಾಗೆ ಹೋದದ್ದಕ್ಕೆ ಹೊಸ ನಂಬರ್ ಬೀಳಬಹುದು. ಆಗ ಹಳೆಯ ರಿಜಿಸ್ಟರಿನ ಷರಾ ಕಾಲಂ ನೋಡಿದರೆ ಕೇಸು ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಅಷ್ಟರೊಳಗೆ ತೀರ್ಮಾನವಾದದ್ದು ಹಳೆಯ ಕೋರ್ಟಿನ ಕಡೆಯೇ ಉಳಿಯುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಈ ಊರಿಗೆ ಫ್ಯಾಮಿಲಿ ಕೋರ್ಟ್ ಬಂದದ್ದು ಯಾವಾಗ, ನಮ್ಮ ಕೇಸು ಮುಗಿದದ್ದು ಅದಕ್ಕಿಂತ ಮೊದಲೋ ಆಮೇಲೋ?

ನಕಲು ಅರ್ಜಿ ಒಂದೇ ಹಾಳೆ. ಕೋರ್ಟಿನ ಹೆಸರು, ಕೇಸ್ ನಂಬರ್, ಇಬ್ಬರ ಹೆಸರು, ತೀರ್ಪಿನ ದಿನಾಂಕ, ಯಾವ ಕಾಗದ ಬೇಕು, ಯಾತಕ್ಕೆ ಬೇಕು. ಕೋರ್ಟ್ ಫೀ ಸ್ಟಾಂಪ್ ಹಚ್ಚಬೇಕು. ತೀರ್ಪಿನ ದಿನಾಂಕ ನಮಗೆ ಗೊತ್ತಿರಲಿಲ್ಲ. ನಂಬರ್ ಹಿಡಿದು ರಿಜಿಸ್ಟರ್ ನೋಡಿ ಅವರೇ ಹೇಳಿದರು. 'ಯಾವ ಕಾಗದ' ಅನ್ನುವ ಜಾಗದಲ್ಲಿ ಸುಮ್ನೆ 'ಡೈವೋರ್ಸ್ ಪೇಪರ್' ಅಂತ ಬರೆಯಬೇಡಿ. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳೆಲ್ಲ ಇರುತ್ತವೆ, ಪುಟಗಟ್ಟಲೆ. ಡಿಕ್ರಿ ಎರಡೋ ಮೂರೋ ಪುಟ, ಮದುವೆ ರದ್ದಾಗಿದೆ ಅಂತ ಚೊಕ್ಕವಾಗಿ ಹೇಳುವ ಕಾಗದ. ಪೆನ್ಷನ್, ಪಾಸ್‌ಪೋರ್ಟ್, ಮರುಮದುವೆ ನೋಂದಣಿ, ಇಂಥ ಕಡೆ ಮುಖ್ಯವಾಗಿ ಕೇಳುವುದು ಡಿಕ್ರಿ. ನಾವು ಎರಡನ್ನೂ, ಜೊತೆಗೆ ಪ್ರತಿ ವಾಯಿದೆಯಲ್ಲಿ ಏನಾಯಿತು ಅಂತ ಬರೆದಿಡುವ ಆರ್ಡರ್ ಶೀಟನ್ನೂ ಕೇಳಿದೆವು.

ಅರ್ಜಿಗೆ ಸಹಿ ಹಾಕಿದ್ದು ಚಿಕ್ಕಮ್ಮ. ನಾನು ಬರೀ ಜೊತೆಗೆ ಹೋದವಳು. ಇದು ಮುಖ್ಯ. ಮದುವೆ ಕೇಸುಗಳು ಮುಚ್ಚಿದ ಬಾಗಿಲಲ್ಲಿ ನಡೆಯುತ್ತವೆ, ಅದರ ವಿವರಗಳನ್ನು ಪ್ರಕಟಿಸುವಂತಿಲ್ಲ. ಆದರೆ ಆ ಗುಟ್ಟು ಪಕ್ಷಗಾರರಿಂದ ಮುಚ್ಚಿಡಲು ಅಲ್ಲ. ತನ್ನದೇ ಕೇಸಿನ ನಕಲು ಕೇಳುವವರು ಗುರುತಿನ ಚೀಟಿ ಹಿಡಿದು ಧೈರ್ಯವಾಗಿ ಹೋಗಬಹುದು, ವಕೀಲರು ಇರಲೇಬೇಕು ಅಂತೇನಿಲ್ಲ. ಮೂರನೆಯವರು ಕೇಳಿದರೆ ಕಾರಣ ಹೇಳಿ ಅಫಿಡವಿಟ್ ಹಾಕಿ ಅನುಮತಿ ಪಡೆಯಬೇಕು. ಹುಡುಗನ ಹಳೆಯ ಮದುವೆ ಬಗ್ಗೆ ತಿಳಿಯಬೇಕು ಅಂತ ಪರಿಚಯದವರೊಬ್ಬರು ನನ್ನನ್ನು ಕೇಳಿದ್ದರು. ಹುಡುಗನಿಗೇ ತರೋಕೆ ಹೇಳಿ ಅಂದೆ. ತರೋಕೆ ಹಿಂಜರಿದರೆ ಅದೂ ಒಂದು ಉತ್ತರ ತಾನೆ.

ಪಕ್ಕದ ಮನೆಯವರು ಆರ್‌ಟಿಐ ಹಾಕಿ ಅಂದರು. ಕೋರ್ಟ್ ಫೈಲಿಗೆ ಆ ದಾರಿ ಇಲ್ಲ. ನಕಲು ಬೇಕಾದರೆ ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು ಅಂತ ಗುಜರಾತ್ ಹೈಕೋರ್ಟಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಗೇಟಿನ ಹತ್ತಿರ 'ನಾನು ತೆಗೆಸಿಕೊಡ್ತೀನಿ' ಅನ್ನುವವರೂ ಸಿಗುತ್ತಾರೆ. ದಾಟಿ ಮುಂದೆ ಹೋಗಿ. ಖರ್ಚು ತೂಗಿಸಲು ಆಗದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. ಅಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. ಸಹಾಯವಾಣಿ 15100.

ಅರ್ಜಿ ಕೊಟ್ಟು ಮನೆಯಲ್ಲಿ ಕೂತರೆ ಆಗದು. ರೆಕಾರ್ಡ್ ರೂಮಿನಿಂದ ಕೇಸಿನ ಕಾಗದಗಳ ಕಟ್ಟು ನಕಲು ವಿಭಾಗಕ್ಕೆ ಬರಬೇಕು, ಪುಟ ಎಣಿಸಬೇಕು, ಆಮೇಲೆ ಎಷ್ಟು ಕಟ್ಟಬೇಕು ಅಂತ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಆ ಊರಲ್ಲಿದ್ದ ಚಿಕ್ಕಮ್ಮನ ಹಳೆಯ ಗೆಳತಿಯೊಬ್ಬರು ಬೋರ್ಡ್ ನೋಡಿ ಫೋನ್ ಮಾಡುತ್ತಿದ್ದರು. ಅವರಿಲ್ಲದಿದ್ದರೆ ನಮಗೆ ಕಷ್ಟವಿತ್ತು.

ನಕಲು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೋರ್ಟಿನ ಸೀಲು, ಸಹಿ, ಮತ್ತು ಅರ್ಜಿ ಹಾಕಿದ, ನಕಲು ಸಿದ್ಧವಾದ, ಕೊಟ್ಟ ದಿನಾಂಕಗಳ ಮುದ್ರೆ. ನಮ್ಮ ತೀರ್ಪಿನಲ್ಲಿ ಒಂದು ಸಣ್ಣ ಪಟ್ಟಿ ಇತ್ತು: ಕೇಸು ದಾಖಲಾದ ದಿನ, ಸಾಕ್ಷಿ ವಿಚಾರಣೆ ಶುರುವಾದ ದಿನ, ತೀರ್ಪು ಹೇಳಿದ ದಿನ, ಒಟ್ಟು ಎಷ್ಟು ವರ್ಷ, ತಿಂಗಳು, ದಿನ. ಪೆನ್ಷನ್ ಷರತ್ತಿಗೆ ಬೇಕಾದ ಎರಡೂ ದಿನಾಂಕ ಅಲ್ಲೇ ಇದ್ದವು. ಚಿಕ್ಕಮ್ಮ ಮಾತ್ರ ಆರ್ಡರ್ ಶೀಟ್ ಹಿಡಿದು ಕೂತರು. ಪ್ರತಿ ವಾಯಿದೆಗೆ ಒಂದೊಂದು ಸಾಲು, 'ಅರ್ಜಿದಾರ ಗೈರು' ಅಂತ ಮತ್ತೆ ಮತ್ತೆ. "ನೋಡೇ, ಕೇಸು ಹಾಕಿದ್ದು ಅವರು. ಬೆಳಗ್ಗೆ ಮೊದಲನೇ ಬಸ್ಸಿಗೆ ಓಡ್ತಿದ್ದದ್ದು ನಾನು" ಅಂದು ನಕ್ಕರು.

ಇನ್ನೊಂದು ತೊಡಕು ಹೆಸರಿನದ್ದು. ಡಿಕ್ರಿಯಲ್ಲಿ ಗಂಡನ ಹೆಸರು ಸೇರಿಸಿ ಬರೆದಿತ್ತು, ಆಧಾರಿನಲ್ಲಿ ತಾತನ ಇನಿಷಿಯಲ್. ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟೆವು. ದೃಢೀಕೃತ ನಕಲನ್ನು ಎರಡು ಸೆಟ್ ತೆಗೆಸಿದ್ದೆವು. ಒಂದು ಪೆನ್ಷನ್ ಅರ್ಜಿಯ ಜೊತೆ ಹೋಯಿತು. ಇನ್ನೊಂದು ಚಿಕ್ಕಮ್ಮನ ಹತ್ತಿರವೇ ಇದೆ, ಕೇಸ್ ನಂಬರನ್ನು ನನ್ನ ಫೋನಿನಲ್ಲೂ ಬರೆದಿಟ್ಟುಕೊಂಡಿದ್ದೇನೆ.