ಹಸುವಿಗೆ ಮುಸುಕಿನ ಜೋಳದ ನುಚ್ಚು: ಮನೆಯಲ್ಲೇ ಒಡೆಯುವ ಬಗೆ

ಅರಸೀಕೆರೆ, ಬೇಲೂರು ಕಡೆ ಮುಸುಕಿನ ಜೋಳ ಬೆಳೆದು ಎರಡು ಮೂರು ಹಸು ಸಾಕುವವರಿಗೆ 2 ಅಶ್ವಶಕ್ತಿಯ, ಸಿಂಗಲ್ ಫೇಸ್ ಮೋಟಾರಿನ ಚಿಕ್ಕ ಗಿರಣಿಯೇ ಸಾಕು. ಕಚ್ಚಿದರೆ ಟಕ್ಕನೆ ಒಡೆಯುವಂತೆ, ಅಂದರೆ ತೇವಾಂಶ ಶೇ. 12–13ಕ್ಕೆ ಇಳಿಯುವವರೆಗೆ ಕಾಳನ್ನು ಒಣಗಿಸಿ, ಕಲ್ಲು, ಮೊಳೆ ಆರಿಸಿ ತೆಗೆಯಬೇಕು. ಬೂಷ್ಟು ಹಿಡಿದ ಕಾಳನ್ನು ಯಾವ ಕಾರಣಕ್ಕೂ ಹಾಕಬಾರದು, ಏಕೆಂದರೆ ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷವು ಹಾಲಿಗೂ ಇಳಿಯುತ್ತದೆ. ಮೋಟಾರು ಪೂರ್ಣ ವೇಗಕ್ಕೆ ಬಂದ ಮೇಲೆಯೇ ಕಾಳು ಸುರಿಯಿರಿ. ಮೊದಲ ಹಿಡಿ ನುಚ್ಚನ್ನು ಅಂಗೈಯಲ್ಲಿ ಹರಡಿ ನೋಡಿ: ಪ್ರತಿ ಕಾಳೂ ನಾಲ್ಕೈದು ಚೂರಾಗಿರಬೇಕು, ಹಿಟ್ಟು ಬೆರಳಿಗೆ ಮೆತ್ತಬಾರದು. ಹಿಟ್ಟು ಹೆಚ್ಚಾದರೆ ಗಿರಣಿಯ ಜರಡಿ ಬದಲಿಸಿ, ದೊಡ್ಡ ತೂತಿನದನ್ನು ಹಾಕಿ; ನುಣ್ಣನೆಯ ಹಿಟ್ಟು ಹೊಟ್ಟೆಯಲ್ಲಿ ಬೇಗ ಹುಳಿಯಾಗುತ್ತದೆ. ಇಡಿಗಾಳು ಉಳಿದರೆ ಅದು ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ, ಬೆಳೆದ ಶ್ರಮವೆಲ್ಲ ತಿಪ್ಪೆಗೆ ಸೇರುತ್ತದೆ. ಮಳೆಗಾಲದಲ್ಲಿ ವಾರಕ್ಕಾಗುವಷ್ಟನ್ನು ಮಾತ್ರ ಒಡೆಯಿರಿ.